ಕೇಳುವುದು ಬೇರೆ, ಪಾಲಿಸುವುದು ಬೇರೆ

'ಹೇಳಿದ ಮಾತು ಕೇಳುವುದಿಲ್ಲ' ಎಂದು ಮಕ್ಕಳನ್ನು ದೂರುವವರಿಗೆ ಮಕ್ಕಳ ಕಿವಿಯ ಚಿಂತೆ ಇರುವುದಿಲ್ಲ. ಹೇಳಿದಂತೆ ನಡೆಯಲಿಲ್ಲ ಎಂಬುದೇ ಸಿಟ್ಟು. ಮನೆಯಲ್ಲಿ ಈ ಗೊಂದಲ ಹೇಗೋ ನಡೆದುಹೋಗುತ್ತದೆ. ನ್ಯಾಯಾಂಗದಲ್ಲಿ ಅದು ದಶಕಗಳ ಜಗಳವಾಯಿತು. ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಗಳನ್ನು ನೇಮಿಸುವಾಗ ಮುಖ್ಯ ನ್ಯಾಯಮೂರ್ತಿಯೊಡನೆ ಸಮಾಲೋಚಿಸಬೇಕು ಎನ್ನುತ್ತದೆ ಸಂವಿಧಾನದ 124ನೇ ವಿಧಿ. ಅವರ ಸಮ್ಮತಿಯೇ ಬೇಕೆಂಬ ಸಲಹೆ 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆಗೆ ಬಂದಾಗ ಅಂಬೇಡ್ಕರ್ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿಯೂ ಮನುಷ್ಯರೇ, ಒಬ್ಬರ ಕೈಗೆ ವೀಟೋ ಕೊಡುವುದು ಅಪಾಯ ಎಂಬುದು ಅವರ ವಾದ. 1981ರಲ್ಲಿ ಕೋರ್ಟೂ ಸಮಾಲೋಚನೆ ಎಂದರೆ ಸಮ್ಮತಿಯಲ್ಲ ಎಂದಿತು. 1993ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿ ಹಾಕಿತು. ಅಲ್ಲಿಂದಾಚೆ ಸರ್ಕಾರ ಕೇಳಿದರೆ ಸಾಲದು, ಹೇಳಿದಂತೆ ನಡೆಯಬೇಕು.

ಪಾಲಿಸುವ ಹಂಗಿಲ್ಲದಿದ್ದರೆ ಕೇಳುವುದು ಬರೀ ಶಾಸ್ತ್ರವಾಗುತ್ತದೆ ಎನ್ನುವವರಿದ್ದಾರೆ. ಆ ಭಯ ಸುಳ್ಳಲ್ಲ. 1973ರಲ್ಲಿ ಮೂವರು ಹಿರಿಯರನ್ನು ಬದಿಗೆ ಸರಿಸಿ ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸಿದ್ದನ್ನು ದೇಶ ಕಂಡಿದೆ (ಆ ಮೂವರಲ್ಲಿ ನಮ್ಮ ಕೆ.ಎಸ್. ಹೆಗ್ಡೆಯವರೂ ಇದ್ದರು). ಆದರೆ ಪಾಲನೆ ಕಡ್ಡಾಯವಾದ ಮೇಲೆ ಕೇಳುವುದೇನೂ ಹೆಚ್ಚಲಿಲ್ಲ. ನೇಮಕಕ್ಕೆ ಹೆಸರು ಸೂಚಿಸುವ ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂ ಎರಡನೇ ಸಲ ಕಳಿಸಿದ ಹೆಸರನ್ನು ಸರ್ಕಾರ ಒಪ್ಪಲೇಬೇಕು. ಹಾಗಾಗಿ ಅದು ಎಷ್ಟೋ ಸಲ ವಾದಕ್ಕೇ ಇಳಿಯದೆ ಕಡತದ ಮೇಲೆ ಕೂತುಬಿಡುತ್ತದೆ. ಯಾರೇ ಆಗಲಿ, ಸಲಹೆಯನ್ನು ತಳ್ಳಿಹಾಕುವವರು ಅದರ ಕಾರಣವನ್ನು ಗಡುವಿನೊಳಗೆ ಬರೆದುಕೊಡಬೇಕು, ಅದು ಜನರ ಕಣ್ಣಿಗೂ ಬೀಳಬೇಕು ಎಂಬ ನಿಯಮ ಮೊದಲು ಬರಲಿ.