ಕಾವಲಿಯ ಮೇಲಣ ಪಿಜ್ಜಾ

ನೇಪಲ್ಸ್ ನಗರದ ಬಡವರು ಬೀದಿಯಲ್ಲಿ ನಿಂತು ತಿನ್ನುತ್ತಿದ್ದ ಅಗ್ಗದ ಆಹಾರವೊಂದು, ನಮ್ಮ ಊರುಗಳನ್ನು ತಲುಪುವಷ್ಟರಲ್ಲಿ ಹುಟ್ಟುಹಬ್ಬದಂತಹ ಸಂದರ್ಭಗಳಿಗೆ ಮೀಸಲಾದ ದುಬಾರಿ ಭಕ್ಷ್ಯವಾಗಿ ಪರಿಣಮಿಸಿದುದು ವಿಚಿತ್ರವೇ ಸರಿ. ಮನೆಮಂದಿಯೆಲ್ಲ ಅಂಗಡಿಗೆ ಹೋಗಿ ಕುಳಿತರೆ ತೆರಬೇಕಾಗುವ ಹಣದಲ್ಲಿ ಒಂದು ವಾರದ ತರಕಾರಿ ಬಂದೀತು. ಅದೇ ತಿನಿಸನ್ನು ಮನೆಯಲ್ಲಿ ಸಿದ್ಧಪಡಿಸಲು ದಪ್ಪ ತಳದ ಕಾವಲಿಯೂ ಅದಕ್ಕೊಪ್ಪುವ ಮುಚ್ಚಳವೂ ಇದ್ದರೆ ಸಾಕು. ಅರ್ಧ ಕಿಲೋ ಮೈದಾಹಿಟ್ಟಿಗೆ ಒಂದು ಚಮಚ ಯೀಸ್ಟ್, ಚಿಟಿಕೆ ಸಕ್ಕರೆ, ಉಪ್ಪು, ಉಗುರುಬೆಚ್ಚಗಿನ ನೀರು ಬೆರೆಸಿ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟರೆ, ಯೀಸ್ಟ್ ಹೊರಬಿಡುವ ಅನಿಲದಿಂದ ಕಣಕವು ಒಂದೆರಡು ಗಂಟೆಗಳಲ್ಲಿ ಇಮ್ಮಡಿಯಾಗಿ ಉಬ್ಬುವುದು.

ವೆಚ್ಚವೆಲ್ಲ ಅಡಗಿರುವುದು ಚೀಸಿನಲ್ಲಿ. ಅದನ್ನು ತೆಳ್ಳಗೆ ತುರಿದು ಹರಡಿ, ನಡುನಡುವೆ ಪನೀರನ್ನು ಪುಡಿಮಾಡಿ ಉದುರಿಸಿದರೆ ಕೊರತೆ ತೋರದು. ಟೊಮೇಟೊವನ್ನು ಬೆಳ್ಳುಳ್ಳಿಯೊಡನೆ ಗಟ್ಟಿಯಾಗುವವರೆಗೆ ಬಾಡಿಸಿಕೊಳ್ಳುವುದು ಇಷ್ಟು ಸುಲಭವಾಗಿರುವಾಗ ಸೀಸೆಯ ಸಾಸನ್ನು ಕೊಳ್ಳುವುದು, ನನ್ನ ಮಟ್ಟಿಗಂತೂ, ದುಂದುವೆಚ್ಚ.

ಒಂದು ಸೂಕ್ಷ್ಮವುಂಟು. ಮುಚ್ಚಳದೊಳಗಿನ ಹಬೆಯು ಚೀಸನ್ನು ಕರಗಿಸಬಲ್ಲುದೇ ಹೊರತು ಹಸಿ ಹಿಟ್ಟಿನ ಮೇಲ್ಮೈಯನ್ನು ಕೆಂಪಗೆ ಸುಡಲಾರದು. ಆದಕಾರಣ ಲಟ್ಟಿಸಿದ ಹಿಟ್ಟಿನ ಒಂದು ಬದಿಯನ್ನು ಮೊದಲು ಬೇಯಿಸಿ, ಮಗುಚಿ, ಬೆಂದ ಬದಿಯ ಮೇಲೆಯೇ ದೊಣ್ಣೆಮೆಣಸು, ಈರುಳ್ಳಿ, ಚೀಸುಗಳನ್ನು ಹರಡಿ, ಸಣ್ಣ ಉರಿಯಲ್ಲಿ ಮುಚ್ಚಿಡತಕ್ಕದ್ದು. ಒಂದೊಂದಾಗಿಯೇ ಬೇಯುವುದರಿಂದ ಮೊದಲನೆಯದು ಯಾರಿಗೆಂಬ ವ್ಯಾಜ್ಯ ಅನಿವಾರ್ಯ. ನಮ್ಮಲ್ಲಿ ಅದು, ಹಸಿಮೆಣಸಿನಕಾಯಿ ಹಾಕಿಯೇ ತೀರಬೇಕೆಂದು ಹಠ ಹಿಡಿಯುವ ಅಜ್ಜಿಯ ಪಾಲಾಗುತ್ತದೆ.