ಬನಶಂಕರಿ ಹೊಂಡದ ನೆರಳಿನಲ್ಲಿ ಥಾಮಸ್ ಕಪ್

ದೇವರ ದರ್ಶನಕ್ಕೆಂದು ಹೋಗಿ ಫೋನ್ ಹಿಡ್ಕೊಂಡು ಕೂತಿದ್ದಕ್ಕೆ ಅವ್ವ ಇವತ್ತಿಗೂ ಬೈತಾಳೆ. ಏನ್ ಮಾಡೋದು, ಅವತ್ತು 2022ರ ಮೇ 15, ಭಾನುವಾರ. ಬ್ಯಾಂಕಾಕ್‌ನಲ್ಲಿ ಥಾಮಸ್ ಕಪ್ ಫೈನಲ್. 1949ರಲ್ಲಿ ಶುರುವಾದ ಈ ಪುರುಷರ ತಂಡಗಳ ಬ್ಯಾಡ್ಮಿಂಟನ್ ಟೂರ್ನಿಯಲ್ಲಿ ಭಾರತ ಫೈನಲ್ ತಲುಪಿದ್ದು ಅದೇ ಮೊದಲು. ಎದುರಿಗೆ 14 ಸಲ ಕಪ್ ಗೆದ್ದ ಇಂಡೋನೇಷ್ಯಾ.

ಇಳಕಲ್‌ನಿಂದ ಹೊರಟಿದ್ದು ಅವ್ವ, ಅಣ್ಣ, ನಾನು. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಬಾದಾಮಿ ಕಡೆ ಹೊರಟ್ವಿ. ಬನಶಂಕರಿ ನಮ್ಮ ಮನೆದೇವರು. ಬಾದಾಮಿಯಿಂದ ಐದೇ ಕಿಲೋಮೀಟರ್, ಚೊಳಚಗುಡ್ಡದಲ್ಲಿದೆ ಗುಡಿ. ನನ್ನ ತಲೆಯಲ್ಲಿ ಬೇರೆಯದೇ ಮಾತಿತ್ತು. ಅಪ್ಪ ಹೋದ ಮೇಲೆ ಮಗ್ಗಕ್ಕೆ ಕೂತವನು ಅಣ್ಣ. ಬೆಂಗಳೂರಿಗೆ ಹೋಗಿ ಓದಿ ಕೆಲಸ ಹಿಡಿದವನು ನಾನು. ‘ಮಗ್ಗ ಮಾರಿ ಬೆಂಗಳೂರಿಗೆ ಬಾ’ ಅಂತ ಅವತ್ತು ಹೇಳಿಯೇ ಬಿಡೋದು ಅಂದುಕೊಂಡಿದ್ದೆ.

ಶಾಲೆಯಲ್ಲಿದ್ದಾಗ ನಾವಿಬ್ಬರೂ ಡಬಲ್ಸ್ ಜೋಡಿ. ಬಯಲಲ್ಲಿ ಸುಣ್ಣದ ಗೆರೆ ಎಳೆದು ಆಡ್ತಿದ್ವಿ. ‘ಪ್ರಕಾಶ್ ಪಡುಕೋಣೆ ಕಲಿತಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಮದುವೆ ಹಾಲ್‌ನಾಗ. ನಮ್ಮ ಬಯಲಾಗ ಮದುವೆ ಕಾಟರೆ ಇಲ್ಲ’ ಅಂತಿದ್ದ ಅಣ್ಣ.

ಗುಡಿ ಮುಟ್ಟುವಷ್ಟರಲ್ಲಿ ಪಡುಕೋಣೆ ಅಕಾಡೆಮಿಯ ಹುಡುಗ ಲಕ್ಷ್ಯ ಸೇನ್ ಮೊದಲ ಸಿಂಗಲ್ಸ್ ಗೆದ್ದಿದ್ದ. ಮೂರು ಸಿಂಗಲ್ಸ್, ಎರಡು ಡಬಲ್ಸ್. ಮೂರು ಗೆದ್ದವರಿಗೆ ಕಪ್.

ದರ್ಶನ ಮುಗಿಸಿ ಹರಿದ್ರಾ ತೀರ್ಥದ ಸುತ್ತಲಿನ ಕಲ್ಲಿನ ಮಂಟಪದಲ್ಲಿ ಕೂತ್ವಿ. ಬನದ ಹುಣ್ಣಿಮೆ ಜಾತ್ರೆಗೆ ಬಂದರೆ ತೇರು, ನಾಟಕ ಕಂಪನಿಗಳ ಟೆಂಟು, ಕಾಲಿಡಲು ಜಾಗ ಇರಲ್ಲ. ಉಳಿದ ದಿನ ಬಂದರೆ ಈ ನೆರಳು, ಈ ಊಟ. ಬುಟ್ಟಿ ಹೊತ್ತು ಬರುವ ಹೆಣ್ಮಕ್ಕಳು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಗಡಿಗೆ ಮೊಸರು ಬಡಿಸ್ತಾರೆ. ಕಾಯಿಪಲ್ಲೆ ಕೊಟ್ಟು ಲೋಕ ಸಲಹಿದ ಶಾಕಾಂಬರಿಯ ಗುಡಿ ಮುಂದೆ ಹಸಿದು ಎದ್ದವರಿಲ್ಲ.

ರೊಟ್ಟಿ ಮುರಿಯುತ್ತಲೇ ಡಬಲ್ಸ್ ನೋಡಿದ್ವಿ. ಸಾತ್ವಿಕ್-ಚಿರಾಗ್ ಮೊದಲ ಗೇಮ್ ಸೋತರು. ಎರಡನೆಯದರಲ್ಲಿ ಎದುರಾಳಿಗೆ ನಾಲ್ಕು ಮ್ಯಾಚ್ ಪಾಯಿಂಟ್. ನಾಲ್ಕನ್ನೂ ಉಳಿಸಿಕೊಂಡು 23-21. ಮೂರನೆಯದು 21-19. ರೊಟ್ಟಿ ಬಡಿಸಿದ ಅಜ್ಜಿ ಕೇಳಿದಳು, ‘ಯಾರ ಗೆದ್ರಪಾ?’

‘ನಮ್ಮವ್ರ, ಯವ್ವಾ.’

‘ಹಂಗಾರ ಇನ್ನೊಂದು ರೊಟ್ಟಿ ಹಾಕ್ಕೊಳ್ರಿ.’

ನೆಟ್‌ವರ್ಕ್ ಹೋಗ್ತಾ ಬರ್ತಾ ಇತ್ತು. ಶ್ರೀಕಾಂತ್ ಕೊನೆಯ ಪಾಯಿಂಟ್ ಹೊಡೆದಾಗ 21-15, 23-21. ಒಟ್ಟು 3-0. ತಂಡದವರೆಲ್ಲ ಕೋರ್ಟಿಗೆ ಓಡಿ ಬಂದರು. ಹಿಂದೆ 1952, 1955, 1979ರಲ್ಲಿ ಸೆಮಿಫೈನಲ್‌ಗೇ ನಿಂತಿದ್ದ ಕನಸದು.

ಅಣ್ಣ ಪರದೆ ಮೇಲೆ ಬೆರಳಿಟ್ಟ. ‘ಪ್ರಣಯ್ ನೋಡು. ಮಲೇಷ್ಯಾ, ಡೆನ್ಮಾರ್ಕ್ ಎರಡೂ ಸಲ 2-2 ಆದಾಗ ಐದನೇ ಆಟ ಗೆದ್ದಾಂವ. ಡೆನ್ಮಾರ್ಕ್ ಮ್ಯಾಚಿನಾಗ ಜಾರಿ ಕಾಲು ನೋವು ಮಾಡ್ಕೊಂಡ್ರೂ ಬಿಡಲಿಲ್ಲ. ಇವತ್ತ ಅವನ ಪಾಳಿನ ಬರಲಿಲ್ಲ. ಕಪ್ ಅವಂದೂ ಅಲ್ಲೇನು?’

ಅವನು ಆಟದ ಮಾತೇ ಆಡಿದ್ದು. ನನಗೆ ಮಾತ್ರ ಎಲ್ಲೋ ಚುಚ್ಚಿತು. ನನ್ನ ಫೀಸು, ರೂಮಿನ ಅಡ್ವಾನ್ಸು, ಎಲ್ಲವೂ ಅವನು ನೇಯ್ದ ಸೀರೆಗಳಿಂದ ಬಂದಿದ್ದು. ಮಗ್ಗ ಮಾರು ಅನ್ನಲು ಬಂದವನು ಮಗ್ಗದ ಮೇಲೆ ಎಷ್ಟು ಸಾಲ ಇದೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಕೇಳಿದೆ. ಅಣ್ಣ ಸ್ವಲ್ಪ ಹೊತ್ತು ಹೊಂಡದ ಮೆಟ್ಟಿಲು ನೋಡ್ತಾ ಕೂತ. ಆಮೇಲೆ ಮೊತ್ತ ಹೇಳಿದ.

‘ಅರ್ಧ ನಂದು’ ಅಂದೆ. ‘ಮಾರೋದು ಬಿಡೋದು ಆಮ್ಯಾಲ ನೋಡೂಣು. ಅದು ನಿನ್ನಿಷ್ಟ.’

ಅವನು ಹೂಂ ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ಬುಟ್ಟಿ ಅಜ್ಜಿಗೆ ದುಡ್ಡು ಕೊಡಲು ನಾನು ಜೇಬಿಗೆ ಕೈ ಹಾಕಿದರೆ ತಡೆದ. ‘ಇದು ನಂದಿರಲಿ’ ಅಂದ.