ಹಳೇಬೀಡಿನ ಗೋಡೆ 200 ಕೆಬಿಯೊಳಗೆ

ಹೊಯ್ಸಳೇಶ್ವರ ಗುಡಿಯ ಜಗತಿ ಹತ್ತಿ ಹೊರಗೋಡೆಯ ಸುತ್ತ ಹೊರಟರೆ ಮೊದಲು ಸಿಗುವುದು ತಳದ ಪಟ್ಟಿಕೆಯ ಆನೆಗಳು. ಅವುಗಳ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಆಮೇಲೆ ರಾಮಾಯಣ ಮಹಾಭಾರತಗಳ ಕಥೆ, ಮಕರ, ಹಂಸ. ಇಷ್ಟೂ ಮುಗಿದ ಮೇಲೆ ದೇವತೆಗಳ ದೊಡ್ಡ ಮೂರ್ತಿಗಳು. 12ನೇ ಶತಮಾನದಲ್ಲಿ, ವಿಷ್ಣುವರ್ಧನನ ಕಾಲಕ್ಕೆ ಶುರುವಾದ ಕೆಲಸ. ಬಳಪದ ಕಲ್ಲಾದ್ದರಿಂದ ಉಳಿ ಹೇಳಿದಂತೆ ಕೇಳಿದೆ. ಒಂದು ಮೂರ್ತಿಯ ಮುಂದೆ ಮೊಣಕಾಲೂರಿ ಕೂತು ಲೆನ್ಸಿನಲ್ಲಿ ನೋಡಿದೆ. ಕೊರಳಲ್ಲಿ ಹಾರ, ಹಾರದಲ್ಲಿ ಮಣಿ, ಮಣಿಮಣಿಯ ನಡುವಿನ ಸಂದಿನಲ್ಲೂ ಉಳಿಯ ಗುರುತು. ಕಣ್ಣು ನಿಲ್ಲಿಸೋಣವೆಂದರೆ ಬರಿದಾದ ಒಂದು ಅಂಗೈಯಗಲ ಜಾಗವಿಲ್ಲ.

ಬೆಳಕು ಇರುವಷ್ಟು ಹೊತ್ತು ಫೋಟೋ ತೆಗೆದೆ. ಕೊನೆಗೆ ಪಕ್ಕದ ದ್ವಾರಸಮುದ್ರ ಕೆರೆಗೆ ಹೋಗಿ, ನೀರೂ ಆಕಾಶವೂ ಒಂದಾಗಿ ಕಾಣುವ ಫೋಟೋವನ್ನೂ ತೆಗೆದುಕೊಂಡೆ.

ರಾತ್ರಿ ಹಾಸನದ ಲಾಡ್ಜಿನಲ್ಲಿ ಲ್ಯಾಪ್‌ಟಾಪ್ ತೆರೆದಾಗ ಶುರುವಾಯಿತು ನೋಡಿ, ಈ ಪ್ರವಾಸದ ಇನ್ನರ್ಧ. ನನ್ನ ಪ್ರವಾಸ ಬರಹಗಳು ಪ್ರಕಟವಾಗುವುದು ವೆಬ್‌ನಲ್ಲಿ. ಓದುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಮೊಬೈಲು. ಎಷ್ಟೋ ಊರುಗಳಲ್ಲಿ ಸಿಗ್ನಲ್ ಸಿಕ್ಕಿದರೆ ಪುಣ್ಯ. ಕ್ಯಾಮೆರಾದಿಂದ ಬಂದ ಒಂದೊಂದು ಫೋಟೋ 10 ಎಂಬಿ ಆಸುಪಾಸು. ಅಂಥವು ಇಪ್ಪತ್ತು ಒಂದೇ ಪುಟದಲ್ಲಿದ್ದರೆ 200 ಎಂಬಿ. ಹಳ್ಳಿಯ ಓದುಗನ ಡೇಟಾವನ್ನು ಹಾಗೆ ಸುರಿಸಿಬಿಡುವುದು ತಪ್ಪು ಎಂದೇ ನನ್ನ ಭಾವನೆ. ಹಾಗಾಗಿ ಒಂದು ಫೋಟೋಗೆ 200 ಕೆಬಿ ಎಂದು ಮಿತಿ ಹಾಕಿಕೊಂಡಿದ್ದೇನೆ.

ಮೊದಲ ಕೆಲಸ ಅಳತೆ ಇಳಿಸುವುದು. 6000 ಪಿಕ್ಸೆಲ್ ಅಗಲ, 4000 ಎತ್ತರದ ಚಿತ್ರ ಮೊಬೈಲಿಗೆ ಬೇಕಿಲ್ಲ. 1600 ಅಗಲ ಧಾರಾಳವಾಯಿತು. ಹಾಗೆ ಇಳಿಸಿದ ಮೇಲೂ ಸುಮಾರು 17 ಲಕ್ಷ ಪಿಕ್ಸೆಲ್ ಉಳಿಯುತ್ತವೆ. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಸೇರಿ 24 ಬಿಟ್ ಬೇಕು. ಅದೇ ಚಿತ್ರ 200 ಕೆಬಿಗೆ ಇಳಿದಾಗ ಒಂದು ಪಿಕ್ಸೆಲ್ಲಿನ ಪಾಲಿಗೆ ಬರುವುದು ಒಂದು ಬಿಟ್‌ಗಿಂತಲೂ ಕಡಿಮೆ! ಲೆಕ್ಕ ಹಾಕಿ ಮತ್ತೊಮ್ಮೆ ಹಾಕಿದೆ. 24 ಬಿಟ್ ಕೇಳುವ ಕಡೆ ಒಂದನ್ನೂ ಪೂರ್ತಿ ಕೊಡದೆ, ಕಣ್ಣಿಗೆ ಕೊರತೆ ಕಾಣದ ಹಾಗೆ ಚಿತ್ರ ನಿಲ್ಲುತ್ತದೆಂದರೆ ಮೈ ಜುಮ್ಮೆನ್ನದೆ ಇರುತ್ತದೆಯೇ?

ಜೆಪೆಗ್ ರೂಪದಲ್ಲಿ ಫೋಟೋ ಉಳಿಸುವಾಗ ಎಷ್ಟು ಕುಗ್ಗಿಸಬೇಕೆಂದು ಗುಣಮಟ್ಟದ ಅಂಕದಲ್ಲಿ ಹೇಳಬೇಕು; ಅಂಕ ಇಳಿದಷ್ಟೂ ಫೈಲು ತೆಳು. ಕೆರೆಯ ಫೋಟೋ ಅಂಕ 90ರಲ್ಲಿದ್ದಾಗಲೇ 200 ಕೆಬಿಯೊಳಗೆ ಸಲೀಸಾಗಿ ಕೂತಿತು. ಗೋಡೆ ಮಾತ್ರ ಜಗ್ಗಲಿಲ್ಲ. 80ರಲ್ಲಿ ಮಿತಿಯ ಮೂರುಪಟ್ಟು. 50ರಲ್ಲೂ ದಪ್ಪ. ಹೀಗೆ ಒಂದೊಂದೇ ಅಂಕ ಇಳಿಸುತ್ತ ಕೂರಬೇಕಾಗಿಲ್ಲ. ಮಧ್ಯದ ಅಂಕದಲ್ಲಿ ಉಳಿಸಿ ನೋಡಿ, ದಪ್ಪವಾದರೆ ಕೆಳಗಿನ ಅರ್ಧದಲ್ಲಿ ಹುಡುಕಬೇಕು, ತೆಳುವಾದರೆ ಮೇಲಿನ ಅರ್ಧದಲ್ಲಿ. 1ರಿಂದ 100ರವರೆಗಿನ ಅಂಕಗಳಲ್ಲಿ ಸರಿಯಾದದ್ದು ಏಳು ಸಲದೊಳಗೆ ಕೈಗೆ ಸಿಕ್ಕೇ ಸಿಗುತ್ತದೆ. ಇಮೇಜ್‌ಮ್ಯಾಜಿಕ್, ಜೆಪೆಗ್‌ಆಪ್ಟಿಮ್ ಥರದ ಉಚಿತ ತಂತ್ರಾಂಶಗಳಿಗೆ ಇಷ್ಟು ಕೆಬಿ ಎಂದು ಹೇಳಿಬಿಟ್ಟರೆ ತಾವೇ ಹುಡುಕಿಕೊಡುತ್ತವೆ. ಗೋಡೆಗೆ ಸಿಕ್ಕಿದ್ದು 30ರ ಆಸುಪಾಸಿನ ಅಂಕ. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಹಾರದ ಮಣಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಆನೆಯ ಬೆನ್ನಿನ ಅಂಚಿನಲ್ಲಿ ಸಣ್ಣ ಸಣ್ಣ ಚೌಕಗಳೆದ್ದಿದ್ದವು.

ಆ ಚೌಕಗಳೇ ನನ್ನನ್ನು ಕೂತಲ್ಲಿಂದಲೇ ಬೆಂಗಳೂರಿಗೆ ಕರೆದೊಯ್ದವು. ಜೆಪೆಗ್ ವಿಧಾನ ಚಿತ್ರವನ್ನು 8 ಪಿಕ್ಸೆಲ್ ಅಗಲ, 8 ಎತ್ತರದ ತುಂಡುಗಳಾಗಿ ಕತ್ತರಿಸುತ್ತದೆ. ಒಂದೊಂದು ತುಂಡನ್ನೂ 64 ಸಿದ್ಧ ವಿನ್ಯಾಸಗಳ ಬೆರಕೆ ಎಂದು ಲೆಕ್ಕ ಹಾಕುತ್ತದೆ. ಪಟ್ಟೆ ಮತ್ತು ಚೌಕಳಿ ಸೀರೆಗಳ ಸೆರಗುಗಳನ್ನು ಅಗಲವಾದುದರಿಂದ ಸಣ್ಣದರವರೆಗೆ ಜೋಡಿಸಿಟ್ಟಂತೆ ಇರುತ್ತವೆ ಆ ವಿನ್ಯಾಸಗಳು. ಯಾವುದು ಎಷ್ಟು ಬೆರೆತಿದೆ ಎಂದು ತಿಳಿಸುವ 64 ಅಂಕಿಗಳನ್ನು ಒಂದು ಕೋಷ್ಟಕದ ಅಂಕಿಗಳಿಂದ ಭಾಗಿಸಿ, ಬಂದದ್ದನ್ನು ಹತ್ತಿರದ ಪೂರ್ಣಾಂಕಕ್ಕೆ ತರುವುದು ಮುಂದಿನ ಹೆಜ್ಜೆ. ಮಾನಕದಲ್ಲಿ ಕೊಟ್ಟಿರುವ ಮಾದರಿ ಕೋಷ್ಟಕದ ಮೇಲಿನ ಎಡಮೂಲೆಯಲ್ಲಿ 16 ಇದೆ, ಕೆಳಗಿನ ಬಲಮೂಲೆಯಲ್ಲಿ 99. ಅಂದರೆ ತುಂಡಿನ ಸರಾಸರಿ ಬೆಳಕನ್ನು ಜೋಪಾನವಾಗಿ ಕಾಯುತ್ತದೆ, ಅತಿ ನವಿರಾದ ಗೆರೆಗಳನ್ನು ಮೊದಲು ಕೈಬಿಡುತ್ತದೆ. ಆಕಾಶದ ತುಂಡಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಸೊನ್ನೆಯಾಗುತ್ತವೆ; ಸೊನ್ನೆಗಳ ಸಾಲನ್ನು ಬರೆದಿಡಲು ಹೆಚ್ಚು ಜಾಗ ಬೇಡ. ಹಳೇಬೀಡಿನ ಗೋಡೆಯ ತುಂಡುಗಳಲ್ಲಿ ಸೊನ್ನೆಯಾಗಲು ಒಲ್ಲದ ಅಂಕಿಗಳೇ ತುಂಬಿವೆ. ಎಂಟು ಶತಮಾನಗಳಾಚೆಯ ಶಿಲ್ಪಿಯ ಕೆಲಸ ಕೆಬಿಗಳಲ್ಲಿ ತೂಗಿ ಬರುವುದನ್ನು ನಾನು ಆ ರಾತ್ರಿ ಕಣ್ಣಾರೆ ಕಂಡೆ.

ತುಂಡನ್ನು 64 ವಿನ್ಯಾಸಗಳಾಗಿ ಬಿಡಿಸುವ ಈ ಲೆಕ್ಕಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಹೆಸರು. ಇದನ್ನು ಮೊದಲು ಯೋಚಿಸಿದವರು ನಾಸಿರ್ ಅಹಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಅಲ್ಲಿಯೇ ಕೆ.ಆರ್. ವೃತ್ತದ ಯುವಿಸಿಇ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಇದರ ಸಂಶೋಧನೆಗೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿನಿಂದ ಹಣ ಕೇಳಿದರು, ಸಿಗಲಿಲ್ಲ. ಆದರೂ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಬರೆದ ಪ್ರಬಂಧ 1974ರ ಜನವರಿಯಲ್ಲಿ ಅಚ್ಚಾಯಿತು. 1992ರಲ್ಲಿ ಬಂದ ಜೆಪೆಗ್ ಮಾನಕದ ಹೊಟ್ಟೆಯೊಳಗೆ ಇರುವುದು ಅದೇ ಗಣಿತ. ಕೆ.ಆರ್. ವೃತ್ತದ ಸಿಗ್ನಲ್ಲಿನಲ್ಲಿ ನಿಂತು ಮೊಬೈಲಿನಲ್ಲಿ ಫೋಟೋ ಸರಿಸುವ ಎಷ್ಟು ಜನರಿಗೆ ಇದು ಗೊತ್ತು? ನಮ್ಮ ಶಾಲೆಯ ಮಕ್ಕಳಿಗೆ ಈ ಹೆಸರನ್ನು ಹೇಳಿಕೊಡಬೇಕು.

ಗೋಡೆಯ ಫೋಟೋವನ್ನು ಮೂಲ ಫೈಲಿನಿಂದಲೇ ಮತ್ತೆ ತೆಗೆದುಕೊಂಡೆ. ಒಮ್ಮೆ ಕುಗ್ಗಿಸಿದ್ದನ್ನು ಮತ್ತೆ ಕುಗ್ಗಿಸಿದರೆ ನಷ್ಟದ ಮೇಲೆ ನಷ್ಟ. ಈ ಸಲ ಅಗಲವನ್ನೇ 1200ಕ್ಕೆ ತಂದೆ. ಪಿಕ್ಸೆಲ್ ಕಡಿಮೆಯಾದ್ದರಿಂದ ಅಂಕ 60ರ ಹತ್ತಿರಕ್ಕೆ ಏರಿತು, ಮಣಿಗಳು ಬಿಡಿಬಿಡಿಯಾಗಿ ಎದ್ದು ಬಂದವು. ಕೆತ್ತನೆಯ ಚಿತ್ರಗಳಿಗೆ ಗುಣಮಟ್ಟ ಹಿಂಡುವುದಕ್ಕಿಂತ ಅಳತೆ ಇಳಿಸುವುದೇ ಮೇಲು ಎಂದು ಅವತ್ತು ಖಾತ್ರಿಯಾಯಿತು.

ಮರುದಿನ ಬೇಲೂರು. ಚೆನ್ನಕೇಶವನ ನವರಂಗದೊಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಜಾಲಂಧ್ರಗಳಲ್ಲೇ ಸೋಸಿಹೋಗಿ, ತಿರುಗಣೆಯಲ್ಲಿ ಕಡೆದ ಕಂಬಗಳ ಮೈಮೇಲೆ ಕಪ್ಪು ಹೊಳಪು ಜಾರುತ್ತಿತ್ತು. ಕೆತ್ತನೆಯಿಲ್ಲದ ನುಣುಪು ಕಂಬ, ಕೆರೆಯ ಚಿತ್ರದಂತೆ ಸುಲಭವಾಗಿ ಕುಗ್ಗುತ್ತದೆಂದುಕೊಂಡೆ. ಕುಗ್ಗಲಿಲ್ಲ. ಮಬ್ಬು ಬೆಳಕಿನಲ್ಲಿ ಕ್ಯಾಮೆರಾದ ಐಎಸ್‌ಒ, ಅಂದರೆ ಬೆಳಕಿನ ಸೂಕ್ಷ್ಮತೆ, ಏರಿಸಿದ್ದರಿಂದ ಚಿತ್ರದ ತುಂಬ ಸಣ್ಣ ಕಾಳುಕಾಳು. ಕ್ಯಾಮೆರಾದ ಈ ಕಾಳು ಯಾವುದು, ಶಿಲ್ಪಿಯ ಉಳಿಗೆರೆ ಯಾವುದು ಎಂದು ಜೆಪೆಗ್‌ಗೆ ತಿಳಿಯುವುದಿಲ್ಲ. ಎರಡಕ್ಕೂ ಒಂದೇ ಸಮ ಕೆಬಿ ಹಂಚುತ್ತದೆ. ಕಾಳನ್ನು ಸ್ವಲ್ಪ ತೊಳೆದು ಮತ್ತೆ ಕುಗ್ಗಿಸಿದೆ. ಆಗ ಬೆಳಕಿನಿಂದ ನೆರಳಿಗೆ ಮೆಲ್ಲನೆ ಇಳಿಯುತ್ತಿದ್ದ ಹೊಳಪು ಮೆಟ್ಟಿಲು ಮೆಟ್ಟಿಲಾಗಿ ಒಡೆಯಿತು. ಆ ಜಾರುವ ಹೊಳಪನ್ನು ಓದುಗರು ನೋಡಲೇಬೇಕು. ಕೆರೆಯ ಫೋಟೋ ಹೇಗೂ 200ಕ್ಕಿಂತ ಕಡಿಮೆ ತಿಂದಿತ್ತು. ಅದನ್ನು ಇನ್ನಷ್ಟು ಇಳಿಸಿ, ಉಳಿದ ಪಾಲನ್ನು ಕಂಬಕ್ಕೆ ಸೇರಿಸಿ 300 ಕೆಬಿ ಕೊಟ್ಟೆ.